ಅಂಗೈಗೆ ಹತ್ತು ಸಲ

ಜೂನ್ 10, 2025, ಮಂಗಳವಾರ

ನನ್ನ ಕಿಡ್ನಿ ಪಾಸಾಯಿತು, ಇವರು ಫೇಲಾದರು!

ನನ್ನ ಗಂಡನಿಗೆ ನನ್ನದೊಂದು ಕಿಡ್ನಿ ಕೊಡಲೆಂದು ಆರು ತಿಂಗಳು ನನ್ನನ್ನು ಆ ಪರೀಕ್ಷೆ ಈ ಪರೀಕ್ಷೆ ಎಂದು ಓಡಾಡಿಸಿದರು. ರಕ್ತ ಹೊಂದುತ್ತದೆ ಎಂದರು, ಐವತ್ತೆರಡರ ಹೆಂಗಸಿಗೆ ಇಷ್ಟು ಒಳ್ಳೆಯ ಕಿಡ್ನಿ ಅಪರೂಪ ಎಂದು ಹೊಗಳಿದರು. ಇವತ್ತು ನೋಡಿದರೆ ಆಪರೇಷನ್ ಮಾಡುವ ಡಾಕ್ಟರು ಫೈಲು ಮುಚ್ಚಿಟ್ಟು, "ಈಗ ಆಗುವುದಿಲ್ಲ. ನಿಮ್ಮ ಗಂಡನ ಮೈಯಲ್ಲಿ ಸತ್ವವೇ ಇಲ್ಲ. ಕೊಯ್ದರೆ ಗಾಯ ಕೂಡುವುದಿಲ್ಲ" ಎಂದುಬಿಟ್ಟರು. ರಕ್ತದಲ್ಲಿ ಆಲ್ಬುಮಿನ್ ಎಂಬುದೊಂದು ಇರುತ್ತದಂತೆ. ಅದು ಮೂರೂವರೆ ಇರಬೇಕು. ಇವರದು ಎರಡು ಪಾಯಿಂಟ್ ಆರು. ಸೆಪ್ಟೆಂಬರಿನೊಳಗೆ ಏರಿಸಿಕೊಂಡು ಬನ್ನಿ ಎಂದರು. ಏರದಿದ್ದರೆ ಎಂದು ಕೇಳಿದೆ. "ಏರದಿದ್ದರೆ ಡಯಾಲಿಸಿಸ್ಸನ್ನೂ ಈ ದೇಹ ಎಷ್ಟು ದಿನ ತಡೆಯುತ್ತದೋ ಗೊತ್ತಿಲ್ಲ" ಎಂದರು. ಎಷ್ಟು ಸಲೀಸಾಗಿ ಹೇಳಿದರು!

ಪುಣೆಯ ನಿಗಡಿಯಲ್ಲಿ ಇಪ್ಪತ್ತಾರು ವರ್ಷ ಹೋಟೆಲು ನಡೆಸಿದ ಮನುಷ್ಯ ಇವರು. ಕಾಂತಪ್ಪಣ್ಣನ ಹೋಟೆಲೆಂದರೆ ರಿಕ್ಷಾದವರೂ ದಾರಿ ಹೇಳುತ್ತಾರೆ. ಅರವತ್ನಾಲ್ಕು ಕಿಲೋ ಇದ್ದವರು ಈಗ ನಲವತ್ತೇಳು. ವಾರಕ್ಕೆ ಮೂರು ಸಲ ಯಂತ್ರಕ್ಕೆ ಕೈ ಕೊಟ್ಟು ಮಲಗುತ್ತಾರೆ. ಮನೆಗೆ ಬಂದರೆ ಗೋಡೆಗೆ ಮುಖ.

ನನಗೆ ಅರ್ಥವಾಗದ್ದು ಒಂದೇ. ಎರಡು ವರ್ಷದಿಂದ ಇವರ ಬಾಯಿಗೆ ನಾನು ಕಾವಲು ಕೂತಿದ್ದೇನೆ. ಮೀನಿಲ್ಲ, ಮೊಟ್ಟೆಯಿಲ್ಲ, ಬೇಳೆಯ ತಿಳಿಯೂ ಇಲ್ಲ. ಇಷ್ಟು ಪಥ್ಯ ಮಾಡಿಸಿದ ಹೆಂಡತಿ ಇಡೀ ಪುಣೆಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಲಿ!

ಮಗಳು ದೀಕ್ಷಿತಾ ತನ್ನ ಕಂಪನಿಯ ಖಾಲಿ ಡೈರಿಯೊಂದನ್ನು ನನ್ನ ಮುಂದೆ ಎಸೆದು, "ಅಮ್ಮ, ನನ್ನ ತಲೆ ತಿನ್ನುವುದಕ್ಕಿಂತ ಇದರಲ್ಲಿ ಬರಿ" ಎಂದಳು. ಬರೆಯುತ್ತಿದ್ದೇನೆ.

ಜೂನ್ 13, ಶುಕ್ರವಾರ

ಡಯಾಲಿಸಿಸ್ ನಡೆಯುತ್ತಿದ್ದಾಗ ಆರತಿ ಎಂಬ ಹುಡುಗಿ ಬಂದಳು. ಆಸ್ಪತ್ರೆಯಲ್ಲಿ ರೋಗಿಗಳ ಊಟತಿಂಡಿ ನೋಡುವವಳು. ಮರಾಠಿಯವಳು, ನನ್ನನ್ನು ಕಾಕೂ, ಇವರನ್ನು ಕಾಕಾ ಎನ್ನುತ್ತಾಳೆ, ನಮ್ಮಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಎಂದ ಹಾಗೆ. ನಿನ್ನೆ ಕಾಕಾ ಏನೇನು ತಿಂದರು ಎಂದು ಕೇಳಿದಳು.

ನಾನು ಹೆಮ್ಮೆಯಿಂದಲೇ ಹೇಳಿದೆ. ಬೆಳಿಗ್ಗೆ ಗಂಜಿ. ಮಧ್ಯಾಹ್ನ ಗಂಜಿ, ಬೇಯಿಸಿ ನೀರು ಚೆಲ್ಲಿದ ಹೀರೆಕಾಯಿ. ಸಂಜೆ ಎರಡು ರಸ್ಕು. ರಾತ್ರಿ ಗಂಜಿ. ನಮ್ಮ ಊರಿನಲ್ಲಿ ಕಾಯಿಲೆಯವರಿಗೆ ಗಂಜಿಗಿಂತ ದೊಡ್ಡ ಮದ್ದಿಲ್ಲ.

"ಮೊಟ್ಟೆ? ಮೀನು?"

"ಛೇ! ಮನೆಯೊಳಗೇ ಬಿಡುವುದಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. ಇವರ ತೋಳನ್ನು ಎರಡೇ ಬೆರಳಲ್ಲಿ ಹಿಡಿದು ನೋಡಿದಳು. ಇವರು ಕಣ್ಣು ಮುಚ್ಚಿ ನಿದ್ದೆಯಲ್ಲಿದ್ದರು. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದಳು: "ಕಾಕೂ, ನೀವು ಕೊಡುತ್ತಿರುವುದು ಡಯಾಲಿಸಿಸ್ಸಿಗೆ ಮುಂಚಿನ ಪಥ್ಯ. ಆಗ ಕಿಡ್ನಿಯನ್ನು ಉಳಿಸಲು ಪ್ರೋಟೀನು ಕಮ್ಮಿ ಮಾಡಿಸುತ್ತಾರೆ. ಯಂತ್ರ ಶುರುವಾದ ಮೇಲೆ ಲೆಕ್ಕವೇ ತಿರುಗುತ್ತದೆ. ಪ್ರತಿ ಸಲವೂ ಯಂತ್ರ ಒಂದಿಷ್ಟು ಸತ್ವ ಎಳೆದುಕೊಂಡು ಹೋಗುತ್ತದೆ. ಮೊದಲಿಗಿಂತ ಜಾಸ್ತಿ ತಿನ್ನಬೇಕು. ಗಂಜಿಯಲ್ಲಿರುವುದು ನೀರು. ಈಗಿನ ನಲವತ್ತೇಳು ಕಿಲೋದಲ್ಲೂ ಮೈಯಲ್ಲಿ ನಿಂತ ಆ ನೀರಿನ ತೂಕವಿದೆ, ಒಳಗೆ ಮಾಂಸ ಕರಗಿದೆ. ಕಾಕಾ ಹಸಿದಿದ್ದಾರೆ."

ಹಸಿದಿದ್ದಾರಂತೆ! ಹೋಟೆಲಿನವನ ಹೆಂಡತಿಗೆ ಹೇಳುವ ಮಾತೇ ಇದು? "ನಿನಗೆಷ್ಟು ವರ್ಷ? ಅನ್ನ ಬಸಿಯಲಿಕ್ಕೆ ಬರ್ತದಾ ನಿನಗೆ?" ಎಂದು ಕೇಳಿ ಕ್ಯಾಂಟೀನಿಗೆ ಹೋಗಿ ಕೂತೆ. ಅಲ್ಲಿನ ಚಹಾವೂ ಕೆಟ್ಟದಾಗಿತ್ತು.

ಜೂನ್ 14, ಶನಿವಾರ

ಡ್ರಾಯರಿನಲ್ಲಿ ಸಿಕ್ಕಿತು. ಹೋದ ಆಗಸ್ಟಿನ ಹಾಳೆ. ಡಯಾಲಿಸಿಸ್ ಶುರುವಾದಾಗ ಕೊಟ್ಟದ್ದು. ದಿನಕ್ಕೆ ಮೂರು ಮೊಟ್ಟೆಯ ಬಿಳಿ, ಒಂದು ಹೊತ್ತು ಮೀನು ಅಥವಾ ಕೋಳಿ ಎಂದು ಸ್ಪಷ್ಟವಾಗಿ ಬರೆದಿದೆ. ಕಿಡ್ನಿ ಹೋದವರಿಗೆ ದಿನಾ ಮೀನೇ? ಯಾರದೋ ಹಾಳೆ ತಪ್ಪಿ ನಮಗೆ ಕೊಟ್ಟಿದ್ದಾರೆ ಎಂದು ನಾನೇ ಮಡಚಿ ಒಳಗೆ ಹಾಕಿದ್ದೆ. ಕೇಳಬೇಕು ಅಂತಲೂ ಅನ್ನಿಸಲಿಲ್ಲ. ಕಟ್ಟುನಿಟ್ಟಾದಷ್ಟೂ ಒಳ್ಳೆಯದು ಎಂಬ ಬುದ್ಧಿ ನನ್ನದು. ನಾನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಹತ್ತು ತಿಂಗಳು. ಇವರಿಗೆ ಹೇಳಿಲ್ಲ. ಕಾಯಿಲೆಯಿಂದ ಸೊರಗಿದೆ ಎಂದು ತಿಳಿದಿದ್ದಾರೆ. ಮೂರೂವರೆ ಆಗಲಿ, ಆಮೇಲೆ ಹೇಳುತ್ತೇನೆ.

ಜೂನ್ 17, ಮಂಗಳವಾರ

ಕೊಡಲು ಹೊರಟರೆ ಇವರಿಗೆ ತಿನ್ನಲಿಕ್ಕೇ ಆಗುವುದಿಲ್ಲ!

ಪಿಂಪ್ರಿ ಮಾರ್ಕೆಟ್ಟಿಗೆ ಹೋಗಿ ಕಾಣೆ ಮೀನು ತಂದು ಹುರಿದೆ. ಒಂದು ಕಾಲದಲ್ಲಿ ಇದರ ವಾಸನೆಗೆ ಸ್ನಾನದ ಮನೆಯಿಂದಲೇ ಕೂಗುತ್ತಿದ್ದರು. ಇವತ್ತು ತಟ್ಟೆ ನೋಡಿ ಕೈ ಅಡ್ಡ ಇಟ್ಟರು.

"ಬೇಡ ಮಾರಾಯ್ತಿ. ಬಾಯಿಗೆ ಕಬ್ಬಿಣ ನೆಕ್ಕಿದ ಹಾಗೆ ಆಗ್ತದೆ."

"ಎರಡು ತುತ್ತು ತಿನ್ನಿ."

"ಇಷ್ಟು ದೊಡ್ಡ ತಟ್ಟೆ ನೋಡಿಯೇ ಹೊಟ್ಟೆ ತುಂಬ್ತು."

ನಾನು ಬೈದೆ, ಬೇಡಿಕೊಂಡೆ, ಮತ್ತೆ ಬೈದೆ. ಅವರು ಗೋಡೆಗೆ ತಿರುಗಿದರು. ಮೊಟ್ಟೆಯ ಬಿಳಿ ಹಾಗೇ ಉಳಿಯಿತು. ನಿನ್ನೆ ಆರತಿ ಕೊಟ್ಟು ಕಳಿಸಿದ ಪ್ರೋಟೀನಿನ ಪುಡಿಯನ್ನು ಕಲಸಿ ಕೊಟ್ಟದ್ದೂ ಉಳಿಯಿತು.

ಜೂನ್ 19, ಗುರುವಾರ

ಇವತ್ತು ನಾನು ಎಷ್ಟು ಜಾಣೆ ಎಂಬುದನ್ನು ನಾನೇ ಬರೆದುಕೊಳ್ಳಬೇಕು. ಬೇರೆ ಯಾರೂ ಹೇಳುವುದಿಲ್ಲ.

ಆಷಾಢ ಏಕಾದಶಿ ಯಾತ್ರೆಯ ಪಾಲಖಿ, ಅಂದರೆ ಪಲ್ಲಕ್ಕಿ, ನಮ್ಮ ಪಕ್ಕದ ಆಕುರ್ಡಿಗೆ ಬರುವ ದಿನ. ಪ್ರತಿ ವರ್ಷದ ಹಾಗೆ ಅದರ ಜೊತೆ ನಡೆದು ಬರುವ ವಾರಕರಿಗಳಿಗೆ ನಮ್ಮ ಹೋಟೆಲಿನಿಂದ ಉಪ್ಪಿಟ್ಟು, ಶೀರಾ. ಎದ್ದು ಕೂರಲು ಆಗದಿದ್ದರೂ ಇವರು ಹಟ ಮಾಡಿ ಹೋಟೆಲಿಗೆ ಬಂದರು. ಗಲ್ಲಾದ ಹಿಂದೆ ಕುರ್ಚಿ ಹಾಕಿ ಕೂರಿಸಿದೆ.

ಅಡುಗೆಯ ಭುಜಂಗ ಪ್ರತಿ ಪಾತ್ರೆ ಇಳಿಸಿದಾಗಲೂ ಸೌಟು ಹಿಡಿದು ಓಡಿ ಬರುತ್ತಿದ್ದ. "ಅಣ್ಣ, ನೋಡಿ." ಇವರು ಎಡಗೈ ಸೌಟಿನ ಕೆಳಗೆ ಹಿಡಿದು, ಬಲಗೈ ಅಂಗೈಗೆ ಹಾಕಿಸಿಕೊಂಡು, ಬಾಯಿಗೆ ಎಸೆದುಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷದ ಅಭ್ಯಾಸ. ಹೋಟೆಲಿನವರು ತಟ್ಟೆಯಲ್ಲಿ ಉಣ್ಣುವುದು ಕಮ್ಮಿ, ಅಂಗೈಯಲ್ಲಿ ನೋಡುವುದೇ ಜಾಸ್ತಿ. "ಶುಂಠಿ ಹೆಚ್ಚಾಯ್ತು." "ಈ ಪಾತ್ರೆ ಸರಿ ಉಂಟು." "ರವೆ ಹಸಿ, ಇನ್ನೈದು ನಿಮಿಷ ಮುಚ್ಚು."

ನನಗೆ ಫಕ್ಕನೆ ಹೊಳೆಯಿತು. ಎಣಿಸತೊಡಗಿದೆ. ಸಂಜೆ ಐದರಿಂದ ಏಳರವರೆಗೆ ಹತ್ತು ಸಲ! ಗೋಡೆಗೆ ತಿರುಗುವ ಮನುಷ್ಯ ಹತ್ತು ಅಂಗೈ ತಿಂದರು, ಬಾಯಿ ಕಹಿ ಎನ್ನಲಿಲ್ಲ, ಹೊಟ್ಟೆ ತುಂಬಿತು ಎನ್ನಲಿಲ್ಲ. ತಿನ್ನುತ್ತಿದ್ದೇನೆ ಎಂಬುದೇ ಅವರಿಗೆ ಗೊತ್ತಾಗಲಿಲ್ಲ. ಅವರು ಕೆಲಸ ಮಾಡುತ್ತಿದ್ದರು.

ಜೂನ್ 21, ಶನಿವಾರ

ನಿನ್ನೆ ಆಸ್ಪತ್ರೆಯಲ್ಲಿ ಆರತಿಯ ಹತ್ತಿರ ಮೊದಲು ಕ್ಷಮೆ ಕೇಳಿದೆ. ಆಮೇಲೆ ಅಂಗೈ ವಿಷಯ ಹೇಳಿದೆ. ಅವಳು ನಕ್ಕು ನಕ್ಕು, "ಕಾಕೂ, ಇದು ನಮ್ಮ ಪುಸ್ತಕದಲ್ಲಿಲ್ಲ, ಆದರೆ ಸರಿಯಾಗಿದೆ" ಎಂದಳು. ಹತ್ತು ಅಂಗೈಯಲ್ಲಿ ಏನೇನು ಇರಬೇಕು ಎಂದು ಇಬ್ಬರೂ ಕೂತು ಬರೆದೆವು. ಮೊಟ್ಟೆಯ ಬಿಳಿ, ಮೀನು, ಕೋಳಿ, ಪನೀರು. ಉಪ್ಪು ಚೂರೇ ಚೂರು. ಎಳನೀರು, ಬಾಳೆಹಣ್ಣು ಬೇಡ. ಹತ್ತರಲ್ಲಿ ಯಾವ ಯಾವ ಸಲ ಊಟದ ಜೊತೆಗಿನ ಗುಳಿಗೆ ನುಂಗಬೇಕು ಎಂಬುದನ್ನೂ ಕೇಳಿಕೊಂಡೆ. ಎಲ್ಲವನ್ನೂ ಎರಡೆರಡು ಸಲ ಕೇಳಿದೆ.

ಈಗ ತೊಡಕು ಏನೆಂದರೆ, ನಮ್ಮ ಹೋಟೆಲು ಶುದ್ಧ ಶಾಕಾಹಾರಿ. ಅಲ್ಲಿ ಮೀನು ತಂದರೆ ಇವರು ನನ್ನನ್ನೇ ಹೊರಗೆ ಹಾಕುತ್ತಾರೆ. ಹಾಗಾಗಿ ಇವತ್ತು ಮುಖ ಗಂಭೀರ ಮಾಡಿ ಸುಳ್ಳು ಹೇಳಿದೆ.

"ಹಿಂಜೆವಾಡಿಯ ಕಂಪನಿಗಳಲ್ಲಿರುವ ನಮ್ಮ ಊರಿನ ಹುಡುಗ ಹುಡುಗಿಯರಿಗೆ ಮನೆಯಿಂದ ಮೀನೂಟದ ಡಬ್ಬಾ ಕಳಿಸುವಾ ಅಂತ. ದೀಕ್ಷಿತಾ ಜನ ನೋಡಿದ್ದಾಳೆ. ನನ್ನ ಕೈ ರುಚಿ ಮನೆಗೆ ಸರಿ, ವ್ಯಾಪಾರಕ್ಕೆ ಸಾಲದು. ನೀವು ನೋಡಿ ಪಾಸು ಮಾಡದೆ ಒಂದು ಡಬ್ಬಾ ಹೊರಗೆ ಹೋಗುವುದಿಲ್ಲ."

ಇವರು ನಿಧಾನಕ್ಕೆ ಗೋಡೆಯಿಂದ ಈ ಕಡೆ ತಿರುಗಿದರು. "ನಿನ್ನ ಸಾರಿಗೆ ಹುಳಿ ಯಾವಾಗಲೂ ಮುಂದೆ" ಎಂದರು.

ನೋಡಿದಿರಾ! ಮೂವತ್ತು ವರ್ಷ ಹೇಳದೆ ಇಟ್ಟುಕೊಂಡಿದ್ದರು.

ಜುಲೈ 2, ಬುಧವಾರ

ಸಾಕಾಯಿತು ಇವರ ಕಾಟ. ಬಂಗುಡೆಯ ಹುಳಿಖಾರ ಪುಳಿಮುಂಚಿಯನ್ನು ಮೂರು ಸಲ ವಾಪಸು ಮಾಡಿದರು. ಮೂರು ಸಲವೂ ಅಂಗೈಗೆ ಒಂದೊಂದು ತುಂಡು ಹೋಯಿತು, ನಾನು ಬಾಯಿ ಮುಚ್ಚಿಕೊಂಡೆ. ಮೊಟ್ಟೆಯ ಬಿಳಿಯ ಪಲ್ಯಕ್ಕೆ "ಇದಕ್ಕೆ ಹಳದಿ ಎಲ್ಲಿ ಹೋಯ್ತು?" ಎಂದರು. ಈಗಿನ ಮಕ್ಕಳು ಹಳದಿ ತಿನ್ನುವುದಿಲ್ಲ, ಜಿಮ್ಮಿಗೆ ಹೋಗುತ್ತಾರೆ ಎಂದೆ.

"ಉಪ್ಪೂ ಇಲ್ಲ."

"ಎಲ್ಲರಿಗೂ ಇಪ್ಪತ್ತೈದಕ್ಕೇ ಬೀಪಿ. ಅವರೇ ಕಮ್ಮಿ ಹಾಕಿ ಅಂದದ್ದು."

"ಎಂತ ಮಕ್ಕಳಪ್ಪಾ ಇವರು!" ಎಂದು ತಲೆ ಅಲ್ಲಾಡಿಸಿದರು. ಉಪ್ಪಿಗೆ ಬದಲು ಕಾಳುಮೆಣಸು, ಬೆಳ್ಳುಳ್ಳಿ ಹೆಚ್ಚಿಸು ಎಂದು ಅವರೇ ದಾರಿ ಹೇಳಿಕೊಟ್ಟರು.

ದೀಕ್ಷಿತಾ ಆಫೀಸಿಗೆ ಆರು ಡಬ್ಬಾ ಒಯ್ದಳು. ಅಪ್ಪ ತಿಂದು ಉಳಿದದ್ದನ್ನು ಸ್ನೇಹಿತರಿಗೆ ಬಡಿಸಿ ಬರುತ್ತಾಳೆ. "ಅಮ್ಮ, ನಾಳೆ ಎಂಟು ಬೇಕಂತೆ. ನಿಜವಾಗಿ ಕೇಳ್ತಿದ್ದಾರೆ" ಎಂದಳು. ನಾನು ಹೇಳಿದ ಸುಳ್ಳು ತಾನಾಗಿಯೇ ನಿಜವಾಗುತ್ತಿದೆ. ದೇವರು ನನ್ನನ್ನು ಕಂಡರೆ ಹೆದರುತ್ತಾನೋ ಏನೋ.

ಜುಲೈ 11, ಶುಕ್ರವಾರ

ಎರಡು ಪಾಯಿಂಟ್ ಒಂಬತ್ತು! ಮೂರು ಗೆರೆ ಏರಿದೆ! ವಾರ್ಡಿನಲ್ಲಿ ಎಲ್ಲರಿಗೂ ಹೇಳಿದೆ. ಕಸ ಗುಡಿಸುವವಳಿಗೂ ಹೇಳಿದೆ.

ಪಕ್ಕದ ಹಾಸಿಗೆಯ ಶ್ಯಾಮರಾಯರು ದೌಂಡದಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದವರು, ಈಗ ಮಗಳ ಮನೆಯಲ್ಲಿದ್ದಾರೆ. ಹೊಸದಾಗಿ ಡಯಾಲಿಸಿಸ್. ಅವರ ಹೆಂಡತಿ ಡಬ್ಬಿ ಬಿಚ್ಚಿದರು. ಬರೀ ನುಚ್ಚು, ನೀರು ಮಜ್ಜಿಗೆ.

"ಬ್ಯಾಳಿ ಮುಟ್ಟಿಸಬ್ಯಾಡ್ರಿ ಅಂತ ಮೊದ್ಲ ಡಾಕ್ಟರು ಹೇಳಿದ್ರಲ್ರಿ ಅಕ್ಕಾರ. ನಾ ಭಾಳ ಪಥ್ಯಾ ಮಾಡಸ್ತೀನ್ರಿ" ಎಂದರು. ಅವರ ಮುಖದಲ್ಲಿದ್ದ ಹೆಮ್ಮೆ ನನಗೆ ಚೆನ್ನಾಗಿ ಗೊತ್ತು.

ನನಗೆ ಎಲ್ಲಿಂದ ಸಿಟ್ಟು ಬಂತೋ. "ನೀವು ಗಂಡನನ್ನು ಉಪವಾಸ ಕೆಡವ್ತಿದ್ದೀರಿ!" ಎಂದು ಕೂಗಿದೆ. ಆ ತಾಯಿಯ ಕಣ್ಣಲ್ಲಿ ನೀರು ಬಂತು. ಕೈ ಹಿಡಿದು ಆರತಿಯ ಕೋಣೆಗೆ ಕರೆದುಕೊಂಡು ಹೋದೆ. ಅವರು ಸಸ್ಯಾಹಾರಿಗಳು, ಅವರಿಗೆ ಪನೀರು, ಪುಡಿ ಎಂದೆಲ್ಲ ಬೇರೆಯೇ ಪಟ್ಟಿ ಆಯಿತು.

ವಾಪಸು ಬಂದಾಗ ಇವರು ಎಚ್ಚರವಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಪಾಪ, ಅವರಿಗೆ ಗೊತ್ತಾಗ್ಲಿಲ್ಲ. ನಮ್ಮ ಪುಣ್ಯ, ಡಾಕ್ಟರು ಗಂಜಿ ಅಂದಾಗ ಗಂಜಿ, ಮೀನು ಅಂದಾಗ ಮೀನು ಅಂತ ನೀನು ಸುರುವಿನಿಂದ ಸರಿಯಾಗಿ ನೋಡಿಕೊಂಡಿ" ಎಂದರು.

ನಾನು ಅವರ ಹೊದಿಕೆ ಸರಿಮಾಡಿದೆ. ಹೇಳಬೇಕಿತ್ತು. ಹೇಳಲಿಲ್ಲ.

ಜುಲೈ 29, ಮಂಗಳವಾರ

ಜ್ವರ. ನೂರಮೂರು. ಆಸ್ಪತ್ರೆಗೆ ಸೇರಿಸಿದೆವು. ಎದೆಯಲ್ಲಿ ಕಫ.

ಜುಲೈ 31, ಗುರುವಾರ

ಏನೂ ತಿನ್ನುತ್ತಿಲ್ಲ.

ಆಗಸ್ಟ್ 3, ಭಾನುವಾರ

ಜ್ವರ ಬಿಟ್ಟಿತು. ಆಲ್ಬುಮಿನ್ ಎರಡು ಪಾಯಿಂಟ್ ಏಳು. ಆರು ವಾರದ ದುಡಿಮೆ ಆರು ದಿನದಲ್ಲಿ ಹೋಯಿತು. ಸೆಪ್ಟೆಂಬರಿಗೆ ಇನ್ನೆಷ್ಟು ದಿನ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಲು ಹೋಗಿ ಅರ್ಧಕ್ಕೆ ಬಿಟ್ಟೆ. ದೇವರ ಮೇಲೆ, ಮಳೆಯ ಮೇಲೆ, ಇವರ ಮೇಲೆ, ಎಲ್ಲರ ಮೇಲೂ ಸಿಟ್ಟು. ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ.

ಆರತಿ ಹೇಳಿದಳು, ಜ್ವರದಲ್ಲಿ ಇಳಿಯುವುದು ಸಹಜ, ಜ್ವರ ಹೋದ ಮೇಲೆ ಏರುತ್ತದೆ, ನೀವು ನಿಲ್ಲಿಸಬೇಡಿ ಕಾಕೂ. ನಿಲ್ಲಿಸುವವಳು ನಾನಲ್ಲ.

ಆಗಸ್ಟ್ 9, ಶನಿವಾರ

ಜ್ವರದ ಮೇಲೆ ಇವರು ಅಂಗೈಯನ್ನೂ ಮುಂದೆ ಚಾಚುತ್ತಿರಲಿಲ್ಲ. ಡಬ್ಬಾ ಈಗ ಹದಿನಾಲ್ಕಾಗಿದೆ, ನಾನೊಬ್ಬಳೇ ಒದ್ದಾಡುತ್ತಿದ್ದೇನೆ. ಇವತ್ತು ಭುಜಂಗ ಸಹಾಯಕ್ಕೆಂದು ಮನೆಗೆ ಬಂದ. ಜನ್ಮದಲ್ಲಿ ಮೀನು ಬೇಯಿಸಿದವನಲ್ಲ. ಕೋಳಿ ಸುಕ್ಕಕ್ಕೆ ತೆಂಗಿನಕಾಯಿ ಹುರಿಯುವಾಗ ಸೀದು ಮನೆಯೆಲ್ಲ ಹೊಗೆ.

ಒಳಗಿನ ಕೋಣೆಯಿಂದ, "ಯಾರವನು ಕಾಯಿ ಕರಟಿಸಿದ್ದು?" ಎಂದು ಕೇಳಿತು. ಗೋಡೆ ಹಿಡಿದುಕೊಂಡು ಇವರು ಬಂದರು! ಭುಜಂಗನನ್ನು ಪಕ್ಕಕ್ಕೆ ತಳ್ಳಿ ಸ್ಟೂಲು ಎಳೆದು ಒಲೆಯ ಮುಂದೆ ಕೂತರು. ಹೊಸ ಕಾಯಿ ತುರಿಸಿದರು, ತಾವೇ ಹುರಿದರು. ಪ್ರತಿ ಹಂತಕ್ಕೂ ಅಂಗೈಗೆ ಹಾಕಿ ನೋಡಿದರು. ನಾನು ಬಾಗಿಲ ಮರೆಯಲ್ಲಿ ನಿಂತು ಬೆರಳು ಮಡಚುತ್ತಿದ್ದೆ. ಏಳು ಸಲ.

"ಅಕ್ಕ, ನಾಳೆಯೂ ಕರಟಿಸುವುದಾ?" ಎಂದು ಭುಜಂಗ ಮೆಲ್ಲಗೆ ಕೇಳಿದ. ಕೇಳಬೇಕಾ ಅದನ್ನು?

ಆಗಸ್ಟ್ 22, ಶುಕ್ರವಾರ

ಮೂರು ಪಾಯಿಂಟ್ ಎರಡು. ಯಂತ್ರ ಬಿಚ್ಚಿದ ಮೇಲೆ ತೂಕ ಐವತ್ತು, ಅದೂ ನೀರಲ್ಲ, ನಿಜವಾದ ತೂಕ. ಶ್ಯಾಮರಾಯರದೂ ಏರಿದೆ. ಅವರ ಹೆಂಡತಿ ನನಗೆ ಶೇಂಗಾ ಹೋಳಿಗೆ ತಂದುಕೊಟ್ಟು, "ನೀವು ಅವತ್ತ ಬೈದಿದ್ದು ಛಲೋ ಆತ್ರಿ ಅಕ್ಕಾರ" ಎಂದರು. ಆ ಮಾತನ್ನೇ ಇಡೀ ದಿನ ಯೋಚಿಸಿದೆ.

ಈಗ ಡಯಾಲಿಸಿಸ್ಸಿನ ಮೊದಲ ಗಂಟೆಯಲ್ಲೇ ಒಂದು ಡಬ್ಬಿ ತಿನ್ನಿಸುತ್ತೇವೆ, ಆರತಿ ನರ್ಸಮ್ಮನನ್ನು ಒಪ್ಪಿಸಿದ್ದಾಳೆ. ನಾಲ್ಕು ಹಾಸಿಗೆಯವರ ಡಬ್ಬಿ ನಾನೇ ತೆರೆದು ನೋಡುತ್ತೇನೆ. ನರ್ಸಮ್ಮ ನನ್ನನ್ನು ಇನ್ಸ್‌ಪೆಕ್ಟರ್ ಕಾಕೂ ಎನ್ನುತ್ತಾಳಂತೆ. ಅನ್ನಲಿ.

ಸೆಪ್ಟೆಂಬರ್ 16, ಮಂಗಳವಾರ

ಮೂರು ಪಾಯಿಂಟ್ ಆರು.

ಡಾಕ್ಟರ ಬಾಯಿಂದ ಎರಡು ಸಲ ಹೇಳಿಸಿದೆ. ಮೂರೂವರೆಯಲ್ಲ, ಅದರ ಮೇಲೆ ಇನ್ನೊಂದು ಗೆರೆ! ತೂಕ ಐವತ್ಮೂರು. ಡಾಕ್ಟರು ಇವರ ತೋಳು ಹಿಡಿದು ನೋಡಿ, ಫೈಲು ತೆರೆದು, ತಾರೀಕು ಬರೆದರು. ಅಕ್ಟೋಬರ್ 7. ನನ್ನ ಕಿಡ್ನಿ ಇವರ ಹೊಟ್ಟೆಗೆ.

ಲಿಫ್ಟಿಗೆ ಜನ ತುಂಬಿದ್ದರಿಂದ ಬರುವಾಗ ಇವರು ಮೂರು ಮಹಡಿ ಮೆಟ್ಟಿಲು ಹತ್ತಿಯೇ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಕೂತೆವು. ನನ್ನ ಕೈ ಹಿಡಿದುಕೊಂಡು, "ನೀನಿಲ್ಲದಿದ್ದರೆ ಈ ಕಾಯಿಲೆ ನನ್ನನ್ನು ತಿಂದು ಹಾಕ್ತಿತ್ತು ಲೀಲಾ" ಎಂದರು.

ಇನ್ನು ತಡೆಯಲಾಗಲಿಲ್ಲ. ಕಾಯಿಲೆಯಲ್ಲ, ನಾನು ಎಂದೆ. ಹಾಳೆಯ ವಿಷಯ, ಡ್ರಾಯರಿನ ವಿಷಯ, ಗಂಜಿಯ ವಿಷಯ, ಹತ್ತು ತಿಂಗಳು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

ಅವರು ಕೈ ಬಿಟ್ಟರು. ಎದ್ದು ನಿಂತರು.

"ಹತ್ತು ತಿಂಗಳು ಗಂಜಿ! ಒಂದು ತುಂಡು ಬಂಗುಡೆಗೆ ನಾನು ನಿನ್ನ ಹತ್ರ ಕೈ ಮುಗಿದು ಕೇಳಿದ್ದು ನೆನಪುಂಟಾ ನಿನಗೆ? ಹಾಳೆ ಒಳಗೆ ಹಾಕ್ಲಿಕ್ಕೆ ನೀನೇನು ಡಾಕ್ಟರಾ? ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಸಾಯ್ತಿದ್ದೆ ಮಾರಾಯ್ತಿ ನಾನು, ಸಾಯ್ತಿದ್ದೆ! ಊರಿಗೆಲ್ಲ ಇಡ್ಲಿ ಹಾಕಿ, ಮನೆಯಲ್ಲಿ ಹಸಿದು!"

ಇಡೀ ಮಹಡಿ ತಿರುಗಿ ನೋಡಿತು. ವಾಚ್‌ಮನ್ ಓಡಿ ಬಂದು, "ಕಾಕಾ, ಹಳೂ ಬೋಲಾ", ಮೆಲ್ಲಗೆ ಮಾತಾಡಿ, ಎಂದ. "ನೀನು ಸುಮ್ಮನಿರು, ಇದು ನಮ್ಮ ಮನೆಯ ವಿಷಯ" ಎಂದು ಅವನಿಗೂ ಕನ್ನಡದಲ್ಲೇ ಬೈದರು. ಪಾಪ ಅವನು ಎರಡು ಹೆಜ್ಜೆ ಹಿಂದೆ ಸರಿದ.

ನಾನು ತಲೆ ತಗ್ಗಿಸಿ ಅಳುತ್ತಿದ್ದೆ. ಅವರ ಒಂದೊಂದು ಮಾತೂ ನಿಜ. ಕೇಳುತ್ತ ಕೇಳುತ್ತ ನನಗೊಂದು ವಿಷಯ ಹೊಳೆಯಿತು. ಜೂನಿನಲ್ಲಿ ಈ ಮನುಷ್ಯ "ನೀರು ಕೊಡು" ಎನ್ನುವುದರೊಳಗೆ ಎರಡು ಸಲ ನಿಲ್ಲಿಸುತ್ತಿದ್ದರು. ಈಗ ಐದು ನಿಮಿಷದಿಂದ ನಿಂತುಕೊಂಡೇ ಬೈಯುತ್ತಿದ್ದಾರೆ. ದಮ್ಮು ಕಟ್ಟಿಲ್ಲ. ಗೋಡೆ ಹಿಡಿದಿಲ್ಲ. ಏನು ಸ್ವರ ಅದು! ಹೋಟೆಲಿನ ಗಲ್ಲಾದಿಂದ ಹಿಂದಿನ ಒಲೆಯವರೆಗೆ ಕೇಳುತ್ತಿದ್ದ ಸ್ವರ! ಕೊಟ್ಟ ಮೊಟ್ಟೆ, ಮೀನು, ಕೋಳಿ ಎಲ್ಲ ಎಲ್ಲಿಗೆ ಹೋಗಿ ಸೇರಿದೆ ಎಂಬುದು ಆಲ್ಬುಮಿನ್ ರಿಪೋರ್ಟಿಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ನನಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು.

"ನಗ್ತೀಯಾ? ನಾಚಿಕೆ ಇಲ್ವಾ ನಿನಗೆ?"

"ಬೈಯಿರಿ, ನಿಲ್ಲಿಸಬೇಡಿ" ಎಂದೆ. "ನನಗೆ ಕೇಳ್ಲಿಕ್ಕೆ ಭಾರೀ ಖುಷಿಯಾಗ್ತಾ ಉಂಟು."

ಅವರು ಬೆಂಚಿನ ಮೇಲೆ ಧಡ್ಡನೆ ಕೂತರು. ಸೆರಗಿನ ತುದಿ ಎಳೆದು ನನ್ನ ಮೂಗು ಒರೆಸಿದರು, ಒರಟಾಗಿಯೇ.

"ಇಷ್ಟಕ್ಕೆ ಮುಗೀಲಿಲ್ಲ, ತಿಳ್ಕೋ" ಎಂದರು. "ಇನ್ನು ಇಪ್ಪತ್ತು ವರ್ಷ ಇದನ್ನೇ ಹಿಡಿದು ಬೈಯ್ತೇನೆ, ನೋಡ್ತಿರು."

ಇಪ್ಪತ್ತು ವರ್ಷ ಅಂದರು. ಜೂನಿನಲ್ಲಿ ಡಾಕ್ಟರು ಇಪ್ಪತ್ತು ತಿಂಗಳಿಗೂ ಮಾತು ಕೊಟ್ಟಿರಲಿಲ್ಲ.

ಆಗಲಿ ಎಂದೆ.